ಹೊಸ ದೇಶದಲ್ಲಿ ಮತ್ತೆ ಸ್ಟೇರಿಂಗ್ ಹಿಡಿಯುವವರಿಗೆ

ವರ್ಷಗಟ್ಟಲೆ ಗಾಡಿ ಓಡಿಸಿದವರು ಮತ್ತೆ ‘ಕಲಿಯುವವರು’ ಅಂತ ಅನ್ನಿಸಿಕೊಳ್ಳುವುದು ಸ್ವಲ್ಪ ಕಿರಿಕಿರಿಯೇ. ನನಗಂತೂ ಮೈ ಉರಿದಿತ್ತು. ಆದರೆ ಎಡಗಡೆ ಓಡಿಸಿ ಪಳಗಿದವಳು ಬಲಗಡೆ ಓಡಿಸುವ ದೇಶಕ್ಕೆ ಬಂದ ಮೇಲೆ ಒಂದು ವಿಷಯ ಗೊತ್ತಾಯಿತು. ಕೈಕಾಲಿಗೆ ಕಲಿಯುವುದು ಜಾಸ್ತಿ ಇಲ್ಲ. ಪಾಠ ಆಗಬೇಕಿರುವುದು ಕಣ್ಣಿಗೆ. ಗಾಡಿ ಯಾವ ಕಡೆಯಿಂದ ಬರುತ್ತದೆ, ಎಲ್ಲಿ ನೋಡಬೇಕು ಅನ್ನುವ ಹಳೇ ಲೆಕ್ಕವೆಲ್ಲ ತಿರುವುಮುರುವು ಆಗಿರುತ್ತದೆ.

ಮೊದಲು ಕಾಗದದ ಕೆಲಸ ಮುಗಿಸಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅನ್ನುವುದು ಬೇರೆ ಲೈಸೆನ್ಸ್ ಅಲ್ಲ, ನಿಮ್ಮ ಲೈಸೆನ್ಸಿನ ಅನುವಾದ ಅಷ್ಟೇ. ಅದನ್ನು ಲೈಸೆನ್ಸ್ ಕೊಟ್ಟ ದೇಶದಲ್ಲೇ ಮಾಡಿಸಿಕೊಂಡು ಬರಬೇಕು, ಜೊತೆಗೆ ಮೂಲ ಲೈಸೆನ್ಸ್ ಸದಾ ಇರಬೇಕು. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪರ್ಮಿಟ್ ಒಂದು ವರ್ಷ ನಡೆಯುತ್ತದೆ, 1968ರ ವಿಯೆನ್ನಾ ಒಪ್ಪಂದದ್ದು ಹೆಚ್ಚೆಂದರೆ 3 ವರ್ಷ. ಆದರೆ ಇದು ಬಂದುಹೋಗುವವರಿಗೆ. ನೆಲೆಸಲು ಬಂದವರಿಗೆ ಗಡುವು ಬೇರೆ. ಹೊರಗಿನ ಲೈಸೆನ್ಸಿನಲ್ಲಿ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 12 ತಿಂಗಳು, ಜರ್ಮನಿಯಲ್ಲಿ 6 ತಿಂಗಳು ಓಡಿಸಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಆ ದಿನ ಯಾವುದು ಅಂತ ಬಂದ ವಾರವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಬಿಡಿ. ಗಡುವು ದಾಟಿ ಓಡಿಸಿದರೆ ದಂಡ ಒಂದು ಕಡೆ, ಇನ್ಶೂರೆನ್ಸಿನವರು ಕೈ ಎತ್ತಿಬಿಡಬಹುದು. ಹಳೇ ಇನ್ಶೂರೆನ್ಸ್ ಕಂಪನಿಯಿಂದ ಕ್ಲೇಮ್ ಇಲ್ಲ ಅನ್ನುವ ಪತ್ರ ಸಿಕ್ಕರೆ ತಂದಿಟ್ಟುಕೊಳ್ಳಿ. ಅದನ್ನು ತೋರಿಸಿ ಹೊಸ ಇನ್ಶೂರೆನ್ಸಿನಲ್ಲಿ ರಿಯಾಯಿತಿ ಕೇಳಬಹುದು. ಎಲ್ಲರೂ ಒಪ್ಪುವುದಿಲ್ಲ, ಕೇಳುವುದರಲ್ಲಿ ನಷ್ಟವೇನೂ ಇಲ್ಲ.

ಕಾಗದ ಬರುವವರೆಗೆ ಸುಮ್ನೆ ಕೂರಬೇಡಿ. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಡ್ರೈವರ್ ಏನು ಮಾಡುತ್ತಾರೆ ನೋಡಿ. ಯಾರಾದರೂ ಕಾರಿನಲ್ಲಿ ಕರೆದೊಯ್ದರೆ ಫೋನ್ ಒಳಗಿಡಿ. ಮುಂದೆ ಯಾವ ಬೋರ್ಡ್ ಬಂತು, ಈಗ ಯಾರಿಗೆ ದಾರಿ ಬಿಡಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ನಡೆದು ರಸ್ತೆ ದಾಟುವಾಗಲೇ ನೋಡುವ ಅಭ್ಯಾಸ ಬದಲಿಸಬೇಕು. ಬಲಗಡೆ ಓಡಿಸುವ ದೇಶದಲ್ಲಿ ಹತ್ತಿರದ ಗಾಡಿ ನಿಮ್ಮ ಎಡಗಡೆಯಿಂದ ಬರುತ್ತದೆ. ನಡೆಯುವಾಗ ಮೊದಲು ಬಲಕ್ಕೆ ತಿರುಗುವ ಕತ್ತು ಸ್ಟೇರಿಂಗ್ ಹಿಡಿದಾಗಲೂ ಬಲಕ್ಕೇ ತಿರುಗುತ್ತದೆ.

ಆಮೇಲೆ ದುಡ್ಡು ಕೊಟ್ಟು ಒಬ್ಬ ಒಳ್ಳೇ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ. ಗಂಡನ ಹತ್ತಿರವೋ ಹೆಂಡತಿಯ ಹತ್ತಿರವೋ ಕಲಿಯುತ್ತೇನೆ ಅಂದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಮನೆಯ ಜಗಳವೆಲ್ಲ ಕಾರಿನೊಳಗೆ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ಬ್ರೇಕ್ ಇರುವ ಕಾರು ಕೊಡುವ ನೆಮ್ಮದಿಯೇ ಬೇರೆ. ಮೊದಲ ದಿನವೇ ಅವರಿಗೆ ಹೇಳಿಬಿಡಿ: ‘ನನಗೆ ಓಡಿಸಲು ಬರುತ್ತದೆ. ಈ ಊರಿನ ರೂಢಿ ಗೊತ್ತಿಲ್ಲ, ಅದನ್ನು ಹೇಳಿಕೊಡಿ.’ ಇಲ್ಲದಿದ್ದರೆ ಕ್ಲಚ್ ಯಾವುದು ಅನ್ನುವುದರಿಂದ ಶುರು ಮಾಡುತ್ತಾರೆ. ಅಂದಹಾಗೆ, ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಆಟೋಮ್ಯಾಟಿಕ್ ಓಡಿಸಲು ಮಾತ್ರ ಲೈಸೆನ್ಸ್ ಸಿಗುತ್ತದೆ. ಗೇರ್ ಗಾಡಿ ಬೇಕಾದರೆ ಮೊದಲೇ ಯೋಚಿಸಿ.

ಕಾರಿನೊಳಗೆ ಬದಲಾಗುವುದು ಕಡಿಮೆ. ಬಲಗಡೆ ಓಡಿಸುವ ದೇಶದಲ್ಲಿ ಸ್ಟೇರಿಂಗ್ ಎಡಕ್ಕೆ ಬಂದರೂ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಅದೇ ಸಾಲಿನಲ್ಲಿ ಇರುತ್ತವೆ. ಗೇರ್ ಮಾತ್ರ ಬಲಗೈಗೆ ಬರುತ್ತದೆ. ಇಂಡಿಕೇಟರ್ ಹಾಕಲು ಹೋಗಿ ವೈಪರ್ ಓಡುವುದು ಎಲ್ಲರಿಗೂ ಆಗುವ ತಮಾಷೆ, ತಲೆ ಕೆಡಿಸಿಕೊಳ್ಳಬೇಡಿ. ತಲೆ ಕೆಡಿಸಿಕೊಳ್ಳಬೇಕಾದ್ದು ಕಾರಿನ ಅಗಲದ ಬಗ್ಗೆ. ಇಷ್ಟು ದಿನ ಕಾರಿನ ಹೆಚ್ಚಿನ ಭಾಗ ನಿಮ್ಮ ಎಡಕ್ಕಿತ್ತು. ಈಗ ಬಲಕ್ಕಿದೆ. ಹಾಗಾಗಿ ಗೊತ್ತಿಲ್ಲದೆ ಬಲಕ್ಕೆ ಜರುಗುತ್ತೀರಿ, ಪಾರ್ಕ್ ಮಾಡಿದ ಕಾರುಗಳ ಕನ್ನಡಿ ತೀರಾ ಹತ್ತಿರ ಬರುತ್ತದೆ. ಆಗಾಗ ಎರಡೂ ಕಡೆಯ ಕನ್ನಡಿಯಲ್ಲಿ ಲೇನಿನ ಗೆರೆ ನೋಡಿ. ಎರಡು ಕಡೆ ಜಾಗ ಒಂದೇ ಸಮ ಇದ್ದರೆ ಸರಿಯಾಗಿದ್ದೀರಿ.

ಯಾವ ಕಡೆ ಹೋಗಬೇಕು ಅಂತ ಗಲಿಬಿಲಿ ಆದಾಗ ನನಗೆ ಕೆಲಸಕ್ಕೆ ಬಂದ ಸೂತ್ರ ಒಂದೇ: ಓಡಿಸುವವರು ರಸ್ತೆಯ ನಡುವಿನ ಕಡೆ, ಪಕ್ಕದ ಸೀಟು ಅಂಚಿನ ಕಡೆ. ಆ ದೇಶದ ಕಾರಿನಲ್ಲಿ ಇದು ಯಾವಾಗಲೂ ಸರಿ. ತಿರುವುಗಳಿಗೆ ‘ಬಲಕ್ಕೆ ಗಿಡ್ಡ, ಎಡಕ್ಕೆ ಉದ್ದ’ ಅಂತ ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದೆ. ಎಡಕ್ಕೆ ತಿರುಗುವಾಗ ಎದುರಿನ ಗಾಡಿಗಳನ್ನು ದಾಟಬೇಕು, ಅದೇ ಕಷ್ಟದ್ದು. ಸರ್ಕಲ್‌ನಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತೀರಿ, ಒಳಗೆ ಸುತ್ತುತ್ತಿರುವ ಗಾಡಿ ಎಡಗಡೆಯಿಂದ ಬರುತ್ತದೆ. ಮೊದಮೊದಲು ಕಂಡದ್ದನ್ನೆಲ್ಲ ಜೋರಾಗಿ ಹೇಳುತ್ತಾ ಓಡಿಸಿ: ‘ಮುಂದೆ ಸ್ಟಾಪ್, ಎಡಕ್ಕೆ ಸೈಕಲ್, ಹಿಂದೆ ವ್ಯಾನ್.’ ಜನ ನೋಡಿದರೆ ನೋಡಲಿ. ಬಾಯಿ ಹೇಳುತ್ತಿದ್ದರೆ ಕಣ್ಣು ಹುಡುಕುತ್ತದೆ.

ಯಾರಿಗೆ ದಾರಿ ಬಿಡಬೇಕು ಅನ್ನುವುದೇ ನಿಜವಾದ ಹೊಸ ಪಾಠ. ಅಮೆರಿಕದಲ್ಲಿ ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ. ಒಟ್ಟಿಗೆ ಬಂದರೆ ಬಲಗಡೆಯವರಿಗೆ ಬಿಡಬೇಕು. ಜರ್ಮನಿಯಲ್ಲಿ ಬೋರ್ಡೂ ಸಿಗ್ನಲ್ಲೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ಮೊದಲ ಹಕ್ಕು, ಅದು ಸಣ್ಣ ಗಲ್ಲಿಯಿಂದ ಬಂದರೂ. ಕೆಂಪು ದೀಪ ಎಲ್ಲ ಕಡೆ ಒಂದೇ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಬೇಡ ಅನ್ನುವ ಬೋರ್ಡ್ ಇಲ್ಲದಿದ್ದರೆ ಕೆಂಪಿನಲ್ಲೂ ಪೂರ್ತಿ ನಿಂತು, ನೋಡಿ, ಬಲಕ್ಕೆ ತಿರುಗಬಹುದು. ಆದರೆ ನ್ಯೂಯಾರ್ಕ್ ನಗರದಲ್ಲಿ ಹಾಗೆ ತಿರುಗಲು ಬಿಡುತ್ತೇವೆ ಅನ್ನುವ ಬೋರ್ಡ್ ಇರಬೇಕು. ಅಮೆರಿಕದಲ್ಲೇ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ, ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಸಾಮಾನ್ಯವಾಗಿ ಎದುರಿನಿಂದ ಬರುವವರೂ ನಿಲ್ಲಬೇಕು. ಇನ್ನು ಎದುರಿನವರು ಹೆಡ್‌ಲೈಟ್ ಮಿನುಗಿಸುತ್ತಾರಲ್ಲ, ಕೆಲವು ಕಡೆ ಅದಕ್ಕೆ ‘ನಾನು ಬರ್ತಿದ್ದೀನಿ, ನಿಲ್ಲು’ ಅಂತ ಅರ್ಥ, ಕೆಲವು ಕಡೆ ‘ನೀನು ಹೋಗು’ ಅಂತ. ದೀಪ ನಂಬಬೇಡಿ, ಚಕ್ರ ನೋಡಿ.

ಟೆಸ್ಟ್ ದಿನ ಹಳೇ ಡ್ರೈವರುಗಳು ಫೇಲಾಗುವುದು ಅನುಭವದಿಂದಲೇ. ನೋಡುವುದನ್ನು ಕಣ್ಣಂಚಿನಲ್ಲಿ ಮುಗಿಸಿಬಿಡುತ್ತಾರೆ, ಪರೀಕ್ಷಕರಿಗೆ ಅದು ಕಾಣುವುದಿಲ್ಲ. ‘ನೀವು ನೋಡಿದ್ದು ನನಗೆ ಕಾಣಬೇಕು’ ಅನ್ನುತ್ತಿದ್ದರು ನನ್ನ ಇನ್‌ಸ್ಟ್ರಕ್ಟರ್. ಲೇನ್ ಬದಲಿಸುವ ಮುಂಚೆ ಕನ್ನಡಿ, ಇಂಡಿಕೇಟರ್, ಆಮೇಲೆ ಭುಜದ ಮೇಲಿಂದ ತಲೆ ತಿರುಗಿಸಿ ಬ್ಲೈಂಡ್ ಸ್ಪಾಟ್, ಅಂದರೆ ಕನ್ನಡಿಯಲ್ಲಿ ಕಾಣದ ಜಾಗ. ಸ್ವಲ್ಪ ನಾಟಕೀಯವಾಗಿದ್ದರೂ ಪರವಾಗಿಲ್ಲ. ಸ್ಟಾಪ್ ಬೋರ್ಡಿನಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ನಿಧಾನವಾಗಿ ತೆವಳಿ ದಾಟಿದರೆ ಕಥೆ ಮುಗೀತು. ಮುಂದಿನ ಗಾಡಿಗೂ ನಿಮಗೂ ಒಣ ರಸ್ತೆಯಲ್ಲಿ ಕನಿಷ್ಠ 2 ಸೆಕೆಂಡ್, ಮಳೆಯಲ್ಲಿ 4 ಸೆಕೆಂಡ್ ಅಂತರ ಇಡಿ. ಗಂಟೆಗೆ 100 ಕಿಲೋಮೀಟರಿನಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಬೋರ್ಡ್ ಮೈಲಿ ಲೆಕ್ಕದಲ್ಲಿರುತ್ತದೆ: 30 ಅಂದರೆ 48 ಕಿಲೋಮೀಟರ್, 70 ಅಂದರೆ ಸುಮಾರು 113.

ಲೈಸೆನ್ಸ್ ಕೈಗೆ ಬಂದ ಮೇಲಿನ ತಿಂಗಳುಗಳಲ್ಲಿ ಜಾಸ್ತಿ ಹುಷಾರಾಗಿರಿ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶದ ಸಂಚಾರವನ್ನು ಎಡದಿಂದ ಬಲಕ್ಕೆ ಬದಲಿಸಿತು. ಆಗ ಅಪಘಾತಗಳು ಮೊದಲು ಇಳಿದವು. ಎಲ್ಲರೂ ಮೈಯೆಲ್ಲ ಕಣ್ಣಾಗಿ ಓಡಿಸುತ್ತಿದ್ದರು. ರೂಢಿಯಾದಂತೆ ಮತ್ತೆ ಹಳೇ ಮಟ್ಟಕ್ಕೆ ಏರಿದವು. ನಮ್ಮ ಕಥೆಯೂ ಹೀಗೇ ಅಲ್ವಾ? ಟ್ರಾಫಿಕ್ ಇದ್ದಾಗ ಮುಂದಿನ ಕಾರಿನ ಹಿಂದೆ ಹೋಗುತ್ತೇವೆ, ತಪ್ಪುವುದಿಲ್ಲ. ಹಳೇ ಕಡೆಗೆ ವಾಲುವುದು ರಸ್ತೆ ಖಾಲಿ ಇದ್ದಾಗ. ಬೆಳಗಿನ ಜಾವ, ಪೆಟ್ರೋಲ್ ಬಂಕಿನಿಂದ ಅಥವಾ ಪಾರ್ಕಿಂಗ್‌ನಿಂದ ಹೊರಬರುವಾಗ, ಒನ್‌ವೇ ಮುಗಿದು ಎರಡು ಕಡೆಯ ರಸ್ತೆ ಶುರುವಾದಾಗ. ಅಂಥ ಕಡೆ ಗೇಟಿನಲ್ಲೇ ಒಂದು ಕ್ಷಣ ನಿಂತು ಯಾವ ಲೇನ್ ಅಂತ ಗಟ್ಟಿಯಾಗಿ ಹೇಳಿ ಹೊರಡಿ. ರಜೆಗೆ ಹಳೇ ದೇಶಕ್ಕೆ ಹೋದಾಗಲೂ ಇದೇ ಕ್ರಮ. ವಿಮಾನ ಇಳಿದ ದಿನ ಮಾತ್ರ ಕಾರಿನ ಕೀ ಬೇರೆಯವರ ಹತ್ತಿರವೇ ಇರಲಿ.