ಆ್ಯಂಟಿಬಯೋಟಿಕ್ ಬರೆಸಿಕೊಳ್ಳುವ ಮುನ್ನ

ಕೆಮ್ಮಿಗೆ ಐದನೇ ದಿನ, ನಿದ್ದೆಯಿಲ್ಲ. ವೈದ್ಯರ ಎದುರು ಕುಳಿತಾಗ ಮೊದಲು ಮಾಡಬೇಕಾದದ್ದು, ‘ಸ್ವಲ್ಪ ಸ್ಟ್ರಾಂಗ್ ಮಾತ್ರೆ ಕೊಡಿ’ ಎಂಬ ಮಾತನ್ನು ನುಂಗಿಕೊಳ್ಳುವುದು. ರೋಗಿ ಆ್ಯಂಟಿಬಯೋಟಿಕ್ ನಿರೀಕ್ಷಿಸುತ್ತಿದ್ದಾರೆ ಎಂದು ಅನ್ನಿಸಿದರೆ ವೈದ್ಯರು ಅದನ್ನು ಬರೆಯುವುದು ಹೆಚ್ಚು. ಎಷ್ಟೋ ಚೀಟಿಗಳು ರೋಗಕ್ಕಲ್ಲ, ರೋಗಿಯ ಮುಖ ನೋಡಿ ಬರೆದವು. ಆದ್ದರಿಂದ ನೀವೇ ಹೇಳಿಬಿಡಿ: ‘ಆ್ಯಂಟಿಬಯೋಟಿಕ್ ಇಲ್ಲದೆ ವಾಸಿಯಾಗುವುದಾದರೆ ನನಗೆ ಅದು ಬೇಡ.’

ನೆಗಡಿ, ಫ್ಲೂ, ಬಹುಪಾಲು ಗಂಟಲುನೋವು ವೈರಸ್‌ನಿಂದ ಬರುವಂಥವು. ವೈರಸ್‌ಗೆ ಈ ಮಾತ್ರೆ ತಾಗುವುದೇ ಇಲ್ಲ; ಅದು ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಕಫ ಹಸಿರಾದ ಮಾತ್ರಕ್ಕೆ ಬ್ಯಾಕ್ಟೀರಿಯಾ ಎನ್ನಲಾಗದು. ಶ್ವಾಸನಾಳದ ಸಾಮಾನ್ಯ ಸೋಂಕಿನ ಕೆಮ್ಮು ಮೂರು ವಾರ ಎಳೆಯುವುದುಂಟು. ನಡುವೆ ಮಾತ್ರೆ ನುಂಗಿದರೆ, ತಾನಾಗಿ ಇಳಿಯುತ್ತಿದ್ದ ಕಾಯಿಲೆಯ ಕೀರ್ತಿಯೆಲ್ಲ ಮಾತ್ರೆಗೆ! ಮುಂದಿನ ಸಲವೂ ಅದನ್ನೇ ಕೇಳುತ್ತೇವೆ.

ವೈದ್ಯರಿಗೂ ಅನುಮಾನವಿದ್ದರೆ ‘ಎರಡು-ಮೂರು ದಿನ ಕಾಯಬಹುದೇ?’ ಎಂದು ಕೇಳಿ. ಚೀಟಿ ಕೈಯಲ್ಲಿರುತ್ತದೆ, ಜೋರಾದರೆ ಮಾತ್ರ ಔಷಧ. ಯಾವ ಲಕ್ಷಣ ಕಂಡರೆ ಕಾಯಬಾರದು ಎಂಬುದನ್ನೂ ಆಗಲೇ ಕೇಳಿಟ್ಟುಕೊಳ್ಳಿ. ಉಸಿರಾಟದ ತೊಂದರೆ, ಮಂಪರು, ಗೊಂದಲ ಇದ್ದರೆ ಕಾಯುವ ಪ್ರಶ್ನೆಯೇ ಇಲ್ಲ.

ಔಷಧ ಬೇಕೇ ಆದರೆ ಎಷ್ಟು ದಿನ ಎಂದು ಖಚಿತಪಡಿಸಿಕೊಳ್ಳಿ. ಉದ್ದದ ಕೋರ್ಸ್ ಯಾವಾಗಲೂ ಒಳ್ಳೆಯದೆಂಬ ನಂಬಿಕೆ ಹಳೆಯದಾಯಿತು; ಚೇತರಿಸಿಕೊಳ್ಳುತ್ತಿರುವ ಎಷ್ಟೋ ನ್ಯುಮೋನಿಯಾ ರೋಗಿಗಳಿಗೆ ಐದು ದಿನ ಸಾಕು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ. ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವುದಂತೂ ಬೇಡವೇ ಬೇಡ.

ಆಸ್ಪತ್ರೆಯ ಕಥೆಯೇ ಬೇರೆ. ಅಲ್ಲಿ ಜೀವದ ಪ್ರಶ್ನೆಯಿದ್ದಾಗ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಹಲವು ಬಗೆಯ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಶುರುಮಾಡುತ್ತಾರೆ, ಅದು ಸರಿಯೇ. ತಪ್ಪಾಗುವುದು ನಂತರ: ಶುರುವಾದದ್ದು ಯಾರೂ ಕೇಳದೆ ಮುಂದುವರಿಯುತ್ತದೆ. 48ರಿಂದ 72 ಗಂಟೆಯೊಳಗೆ ರೋಗಿಯ ಕಡೆಯವರು ಕೇಳಬಹುದು: ಕಲ್ಚರ್ ವರದಿ (ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಪರೀಕ್ಷೆ) ಏನು ಹೇಳಿತು? ನಿಲ್ಲಿಸಬಹುದೇ? ಇಂಜೆಕ್ಷನ್ ಬಿಟ್ಟು ಮಾತ್ರೆಗೆ ಬರಬಹುದೇ? ವೃದ್ಧರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೂ ಉರಿ, ಜ್ವರದಂಥ ಲಕ್ಷಣವಿಲ್ಲದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಗರ್ಭಿಣಿಯರಿಗೆ ಈ ಮಾತು ಅನ್ವಯಿಸದು.

ಕೊನೆಯದಾಗಿ ನಿಮ್ಮ ಕಡತ ತೆರೆಯಿರಿ. ‘ಪೆನಿಸಿಲಿನ್ ಅಲರ್ಜಿ’ ಎಂದಿದೆಯೇ? ಹಾಗೆ ಬರೆಸಿಕೊಂಡ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಪರೀಕ್ಷಿಸಿದಾಗ ಅಲರ್ಜಿ ಕಾಣುವುದಿಲ್ಲ. ಆದರೂ ಆ ಸಾಲಿನ ದೆಸೆಯಿಂದ ಅನಗತ್ಯವಾಗಿ ಬೇರೆ ಔಷಧಗಳು ಬರುತ್ತವೆ. ತಜ್ಞರಿಂದ ಪರೀಕ್ಷೆ ಮಾಡಿಸಿ. ಮನೆಯಲ್ಲೇ ಮಾತ್ರೆ ನುಂಗಿ ನೋಡುವ ಸಾಹಸ ಬೇಡ.