ಆರಂಭದ ಊಹೆಯನ್ನು ಎಲ್ಲಿಂದ ತರಬೇಕು?

ಅತಿವಾಹಕತೆಯ (ಪ್ರತಿರೋಧವಿಲ್ಲದೆ ವಿದ್ಯುತ್ ಹರಿಯುವ ಗುಣದ) ಗಿನ್ಜ್‌ಬರ್ಗ್-ಲ್ಯಾಂಡೌ ಸಮೀಕರಣ ಎಂದೊಡನೆ ದೊಡ್ಡ ಕಂಪ್ಯೂಟರ್ ಬೇಕೆಂದು ಹಲವರು ಹಿಂಜರಿಯುತ್ತಾರೆ. ಕಲಬುರಗಿಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುತ್ತ ನಾನು ಇದನ್ನು ಮಾಡಿದ್ದು ಸಾಧಾರಣ ಲ್ಯಾಪ್‌ಟಾಪಿನಲ್ಲಿ, ಪೈಥಾನ್ ಬಳಸಿ. ಒಂದೇ ಆಯಾಮದ ಸಮಸ್ಯೆಯಾದರೆ, ಬೇಸಿಗೆಯಲ್ಲಿ ಕರೆಂಟ್ ಹೋದರೂ ಬ್ಯಾಟರಿಯಲ್ಲೇ ಲೆಕ್ಕ ಮುಗಿಯುತ್ತದೆ. ಕಷ್ಟವಿರುವುದು ಬೇರೆ ಕಡೆ: ಲೆಕ್ಕ ಶುರುಮಾಡಲು ಕೊಡುವ ಮೊದಲ ಊಹೆಯಲ್ಲಿ.

ನಾನು ಮೊದಲು, ನಕ್ಷತ್ರದ ಕೇಂದ್ರದಿಂದ ಮೇಲ್ಮೈವರೆಗೆ ಸಾಂದ್ರತೆ ಹೇಗೆ ಇಳಿಯುತ್ತದೆ ಎಂದು ಹೇಳುವ ಲೇನ್-ಎಮ್ಡನ್ ಸಮೀಕರಣದಿಂದ ಕೈ ಪಳಗಿಸಿಕೊಂಡೆ. ಅಲ್ಲಿ ಎರಡು ಎಚ್ಚರ ಸಾಕು. ಕೇಂದ್ರದಲ್ಲಿ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬರುವುದರಿಂದ, ಶ್ರೇಣಿಯ ಮೊದಲ ಪದಗಳನ್ನು ಕೈಯಲ್ಲೇ ಬರೆದು ಸ್ವಲ್ಪ ಹೊರಗಿನಿಂದ ಹೊರಡಬೇಕು. ಸಮೀಕರಣದಲ್ಲಿನ ಘಾತ, ಅಂದರೆ ಸೂಚ್ಯಂಕ, ಭಿನ್ನರಾಶಿಯಾಗಿದ್ದರೆ ಮೇಲ್ಮೈ ದಾಟಿದ ಕೂಡಲೇ ಋಣಸಂಖ್ಯೆಗೆ ಭಿನ್ನಘಾತ ಹಾಕುವಂತಾಗುತ್ತದೆ. ಅದಕ್ಕೆ ಮುಂಚೆಯೇ ನಿಲ್ಲಿಸಬೇಕು. ಸೂಚ್ಯಂಕ 1 ಇದ್ದಾಗ ತ್ರಿಜ್ಯ ಪೈ ಬರಬೇಕು, 3 ಇದ್ದಾಗ 6.8968. ಚಂದ್ರಶೇಖರರ ಶ್ವೇತಕುಬ್ಜ ಮಿತಿ (ಶ್ವೇತಕುಬ್ಜ ನಕ್ಷತ್ರಕ್ಕೆ ಇರಬಹುದಾದ ಗರಿಷ್ಠ ದ್ರವ್ಯರಾಶಿ) ಹುಟ್ಟುವುದು ಈ ಎರಡನೆಯದರಿಂದಲೇ. ಈ ಸಂಖ್ಯೆಗಳು ಹೊಂದದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಅತಿವಾಹಕದಲ್ಲಿ ನಾನು ತೆಗೆದುಕೊಂಡದ್ದು ಒಂದು ತೆಳುಪದರ. ಎರಡೂ ಅಂಚುಗಳಲ್ಲಿ ಆರ್ಡರ್ ಪ್ಯಾರಾಮೀಟರ್, ಅಂದರೆ ಅತಿವಾಹಕತೆ ಎಲ್ಲಿ ಎಷ್ಟಿದೆ ಎಂದು ತೋರಿಸುವ ಅಳತೆ, ಸೊನ್ನೆ. ಉದ್ದವನ್ನು ಕೊಹೆರೆನ್ಸ್ ಉದ್ದದಲ್ಲಿ (ಈ ಅಳತೆ ಗಮನಾರ್ಹವಾಗಿ ಬದಲಾಗಲು ಬೇಕಾದ ದೂರದಲ್ಲಿ) ಅಳೆದರೆ ಸಮೀಕರಣ ಹೀಗಾಗುತ್ತದೆ: ಎರಡನೆಯ ನಿಷ್ಪನ್ನಕ್ಕೆ ಮೂಲ ಮೌಲ್ಯವನ್ನು ಕೂಡಿಸಿ ಅದರ ಘನವನ್ನು ಕಳೆದರೆ ಸೊನ್ನೆ. ಪದರವನ್ನು 200 ಬಿಂದುಗಳಾಗಿ ಹೋಳು ಮಾಡಿ ನ್ಯೂಟನ್ ವಿಧಾನ ಹಚ್ಚುತ್ತೇನೆ; ಇದು ಒಂದು ಊಹೆಯಿಂದ ಹೊರಟು, ಅದನ್ನು ಸುತ್ತು ಸುತ್ತಾಗಿ ತಿದ್ದುತ್ತ ಉತ್ತರ ತಲುಪುತ್ತದೆ. ಒಬ್ಬ ವಿದ್ಯಾರ್ಥಿನಿ ಇದನ್ನು ಮಾಡಿ, "ಸರ್, ಎಲ್ಲ ಕಡೆ ಸೊನ್ನೆ ಬರುತ್ತಿದೆ. ಪ್ರೋಗ್ರಾಂ ತಪ್ಪಿದೆಯೇ?" ಎಂದು ಕೇಳಿದಳು. ಪ್ರೋಗ್ರಾಂ ಸರಿಯಾಗಿಯೇ ಇತ್ತು. ಸೊನ್ನೆಯೂ ಈ ಸಮೀಕರಣದ ನಿಜವಾದ ಉತ್ತರ! ದಪ್ಪ 4 ಇದ್ದಾಗ 0.1 ಎತ್ತರದ ಸೈನ್ ಅಲೆಯಿಂದ ಹೊರಟರೆ ನ್ಯೂಟನ್ ನೇರವಾಗಿ ಅಲ್ಲಿಗೇ ಜಾರುತ್ತದೆ.

ಹಾಗಾದರೆ ಎಷ್ಟು ಎತ್ತರದಿಂದ ಹೊರಡಬೇಕು? ಇದನ್ನು ಹಾಳೆಯ ಮೇಲೆ ಕಂಡುಕೊಳ್ಳಬೇಕು. ಪೈಯನ್ನು ದಪ್ಪದಿಂದ ಭಾಗಿಸಿ, ವರ್ಗ ಮಾಡಿ, 1ರಿಂದ ಕಳೆಯಿರಿ. ಅದನ್ನು 4/3ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ದಪ್ಪ 4ಕ್ಕೆ 0.715 ಬರುತ್ತದೆ. ಆ ಎತ್ತರದ ಅಲೆಯನ್ನು ಕೊಟ್ಟರೆ ಕೆಲವೇ ಸುತ್ತುಗಳಲ್ಲಿ ಸರಿಯಾದ ಉತ್ತರ ಸಿಗುತ್ತದೆ. ದಪ್ಪ ಪೈಗಿಂತ ಕಡಿಮೆಯಾದರೆ ವರ್ಗಮೂಲದೊಳಗೆ ಋಣಸಂಖ್ಯೆ ಬರುತ್ತದೆ: ಅಲ್ಲಿ ಅತಿವಾಹಕತೆಯೇ ಉಳಿಯುವುದಿಲ್ಲ. ಆ ನಕ್ಷತ್ರದ ಪೈ ಮತ್ತು ಈ ಪದರದ ಪೈ ಒಂದೇ ಸೈನ್ ಸಮೀಕರಣದಿಂದ ಬಂದವು. ತರಗತಿಯಲ್ಲಿ ಇದನ್ನು ಹೇಳುವಾಗ ಇಂದಿಗೂ ನನಗೆ ಪುಳಕವಾಗುತ್ತದೆ.

ಉತ್ತರವನ್ನು ನಂಬುವ ಮೊದಲು ಶಕ್ತಿಯನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕುತ್ತೇನೆ. ಒಂದು, ಪೂರ್ಣ ಸೂತ್ರದಿಂದ. ಇನ್ನೊಂದು, ನಾಲ್ಕನೆಯ ಘಾತದ ಅನುಕಲನದ ಕಾಲುಭಾಗಕ್ಕೆ ಋಣಚಿಹ್ನೆ ಹಾಕಿ. ಸರಿಯಾದ ಉತ್ತರವಾದರೆ ಎರಡೂ ಹೊಂದಬೇಕು. ಬಿಂದುಗಳನ್ನು ಇಮ್ಮಡಿ ಮಾಡಿದಾಗ ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಸುಮಾರು ಕಾಲುಭಾಗಕ್ಕೆ ಇಳಿಯಬೇಕು. ಸೊನ್ನೆ ಉತ್ತರದ ಶಕ್ತಿ ಸೊನ್ನೆ, ಇದರದು ಅದಕ್ಕಿಂತ ಕಡಿಮೆ; ಹಾಗಾಗಿ ಪ್ರಕೃತಿ ಯಾವುದನ್ನು ಆರಿಸಿಕೊಳ್ಳುತ್ತದೆ ಎಂಬುದೂ ಇಲ್ಲೇ ತಿಳಿಯುತ್ತದೆ.

ತೆಳು ಪದರಗಳಿಗೆ ಹೋಗುವಾಗ ದಪ್ಪವನ್ನು 4ರಿಂದ 0.1ರಂತೆ ಇಳಿಸುತ್ತ, ಹಿಂದಿನ ಉತ್ತರವನ್ನೇ ಮುಂದಿನದಕ್ಕೆ ಊಹೆಯಾಗಿ ಕೊಡುತ್ತೇನೆ. 3.2ರಲ್ಲಿ ಗರಿಷ್ಠ ಎತ್ತರ ಸುಮಾರು 0.22ಕ್ಕೆ ಇಳಿದಿರುತ್ತದೆ. ದಪ್ಪ ಪೈಗೆ ಹತ್ತಿರವಾದಂತೆ, ನ್ಯೂಟನ್ ವಿಧಾನ ಪ್ರತಿ ಸುತ್ತಿನಲ್ಲಿ ಬಿಡಿಸುವ ಮ್ಯಾಟ್ರಿಕ್ಸ್ ಸೊರಗುತ್ತದೆ, ಅಂದರೆ ಸೊನ್ನೆಯಿಂದ ಭಾಗಿಸುವ ಸ್ಥಿತಿಗೆ ಹತ್ತಿರವಾಗುತ್ತದೆ. ಅಲ್ಲಿ ಹೆಜ್ಜೆಯನ್ನು 0.01ಕ್ಕೆ ಕಿರಿದು ಮಾಡಿ ತಾಳ್ಮೆಯಿಂದ ಸಾಗಬೇಕು.