ಫೈಟರ್ ಮೀನಿಗೆ ಜೋಡಿ ಹುಡುಕುವಾಗ ಹೆಣ್ಣನ್ನು ಮೊದಲು ನೋಡಿ

ಕಾರವಾರದಲ್ಲಿ ಫೈಟರ್ ಮೀನು ಸಾಕುವವರ ಮನೆಗೆ ಹೋದರೆ ಒಂದೇ ದೂರು. ‘ಗಂಡು ಎಷ್ಟು ಚೆಂದ ಇತ್ತು, ಮರಿಗಳು ಯಾಕೆ ಹೀಗಾದವು?’ ಹೆಣ್ಣು ಹೇಗಿತ್ತು ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಗಂಡನ್ನು ಗಂಟೆಗಟ್ಟಲೆ ಆರಿಸಿ, ಹೆಣ್ಣನ್ನು ಬಲೆಗೆ ಸಿಕ್ಕಿದ್ದು ತಂದಿರುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಮೂರು ತಿಂಗಳು ಸಾಕಿದ ಮೇಲೆ ನೋಡಿದರೆ ಬಿಚ್ಚಿದರೆ ಬಾಲ ಅರ್ಧಚಂದ್ರದಂತೆ ಕಾಣುವ ಹಾಫ್‌ಮೂನ್ ಅಪ್ಪನ ಮರಿಗಳಿಗೆಲ್ಲ ಜೋತುಬಿದ್ದ ಬಾಲ. ಹೆಣ್ಣು ಜೋತುಬಾಲದ ವೇಲ್‌ಟೇಲ್ ತಳಿಯದಾಗಿತ್ತು. ಆ ಗುಣ ಉಳಿದ ಉದ್ದ ಬಾಲಗಳನ್ನು ಹಿಂದೆ ಹಾಕುತ್ತದೆ.

ಹಾಗಾಗಿ ಮೊದಲು ಯಾವ ಬಾಲ ಬೇಕು ಅಂತ ತೀರ್ಮಾನಿಸಿ. ಹಾಫ್‌ಮೂನ್ ಬೇಕಾದರೆ ಗಂಡು, ಹೆಣ್ಣು ಎರಡೂ ಹಾಫ್‌ಮೂನ್ ಮನೆತನದ್ದೇ ಆಗಿರಬೇಕು. ಅಕ್ಕ–ತಮ್ಮ ಆದರೂ ಒಂದು ಸಲಕ್ಕೆ ತೊಂದರೆ ಇಲ್ಲ.

ಇನ್ನು ಹೆಣ್ಣನ್ನು ನೋಡುವುದು. ಎಲ್ಲರೂ ಎಡವುವುದು ಇಲ್ಲೇ. ಅಂಗಡಿಯ ಡಬ್ಬಿಯಲ್ಲಿ ಹೆದರಿ ಕೂತ ಹೆಣ್ಣಿನ ಮೈಮೇಲೆ ತಲೆಯಿಂದ ಬಾಲದವರೆಗೆ ಕಪ್ಪು ಗೆರೆ ಎದ್ದಿರುತ್ತದೆ, ರೆಕ್ಕೆ ಮಡಚಿರುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಅವಸರ ಬೇಡ. ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಪಕ್ಕದಲ್ಲಿ ಗಂಡಿನ ಡಬ್ಬಿ ಇಟ್ಟು, ನಡುವಿನ ರಟ್ಟು ತೆಗೆಯಿರಿ. ಹೆಣ್ಣು ರೆಕ್ಕೆ ಬಿಚ್ಚುತ್ತದೆ. ಬಾಲದ ಮೇಲಂಚು, ಕೆಳಂಚು ಎರಡೂ ನೆಟ್ಟಗೆ ಇರಬೇಕು, ಒಳಕ್ಕೆ ಬಾಗಿರಬಾರದು. ಬೆನ್ನಿನ ರೆಕ್ಕೆ ಬುಡದಲ್ಲೇ ಅಗಲ ಇರಬೇಕು, ತುದಿಯಲ್ಲಿ ಮಾತ್ರ ಅಗಲ ಇದ್ದರೆ ಸಾಲದು. ಮೇಲಿನಿಂದಲೂ ನೋಡಿ, ಬೆನ್ನು ಸೊಟ್ಟಗಿದ್ದರೆ ಬಿಟ್ಟುಬಿಡಿ. ಹೊಟ್ಟೆಯ ಕೆಳಗೆ ಅಕ್ಕಿನುಚ್ಚಿನಂಥ ಬಿಳಿ ಚುಕ್ಕೆ ಕಾಣಬೇಕು. ಗಂಡನ್ನು ನೋಡಿ ಮೈಮೇಲೆ ಮೇಲಿಂದ ಕೆಳಗೆ ಪಟ್ಟೆ ಎದ್ದರೆ ಅದು ಮೊಟ್ಟೆಗೆ ತಯಾರಿದೆ. ಗಂಡಿಗಿಂತ ತುಸು ಸಣ್ಣದು ಒಳ್ಳೆಯದು.

ಬಣ್ಣದಲ್ಲಿ ಒಂದು ಲೆಕ್ಕ ಇದೆ. ಮರಿಗಳೆಲ್ಲ ರಾಯಲ್ ಬ್ಲೂ ಬೇಕು ಅಂತ ಎರಡು ರಾಯಲ್ ಬ್ಲೂ ಹಾಕುತ್ತಾರೆ. ಹಾಗೆ ಮಾಡಿದರೆ ಸುಮಾರು ಅರ್ಧ ಮಾತ್ರ ರಾಯಲ್ ಬ್ಲೂ. ಕಾಲು ಭಾಗ ಹಸಿರು ಹೊಳೆಯುವ ಟರ್ಕಾಯ್ಸ್, ಇನ್ನು ಕಾಲು ಭಾಗ ಬೂದಿ ಬಣ್ಣದ ಸ್ಟೀಲ್ ಬ್ಲೂ. ಟರ್ಕಾಯ್ಸ್ ಗಂಡಿಗೆ ಸ್ಟೀಲ್ ಬ್ಲೂ ಹೆಣ್ಣು ಹಾಕಿ ನೋಡಿ, ಎಲ್ಲವೂ ರಾಯಲ್ ಬ್ಲೂ! ಮಂಕು ಅಂತ ನೀವು ಬಿಟ್ಟು ಬಂದ ಹೆಣ್ಣೇ ಬೇಕಾಗಿದ್ದು, ಅಲ್ವಾ? ಆದರೆ ರೆಕ್ಕೆಯಲ್ಲಿ ಕೆಂಪು ಛಾಯೆ ಇದ್ದರೆ ಬೇಡ, ಮರಿಗಳಲ್ಲೂ ಇಳಿಯುತ್ತದೆ. ತೇಪೆ ತೇಪೆ ಬಣ್ಣದ ಮಾರ್ಬಲ್ ಮೀನು ನನಗೆ ಇಷ್ಟವಿಲ್ಲ. ಇಂದು ನೋಡಿದ ಬಣ್ಣ ತಿಂಗಳು ಕಳೆದರೆ ಇರುವುದಿಲ್ಲ.

ಕೆಲವು ಜೋಡಿ ಮಾಡಲೇಬಾರದು. ಎರಡೂ ಡಬಲ್‌ಟೇಲ್, ಅಂದರೆ ಬಾಲ ಎರಡಾಗಿ ಸೀಳಿದ್ದು ಆದರೆ ಬೆನ್ನು ಸೊಟ್ಟಗಿನ ಮರಿಗಳು ಜಾಸ್ತಿ. ಎರಡೂ ರೋಸ್‌ಟೇಲ್, ಅಂದರೆ ಬಾಲ ಗುಲಾಬಿಯಂತೆ ಮಡಿಕೆ ಮಡಿಕೆ ಇರುವುದು ಆದರೆ ಬಾಲದ ಭಾರಕ್ಕೆ ಮರಿ ಈಜಲಾಗದೆ ಒದ್ದಾಡುತ್ತದೆ. ಡ್ರ್ಯಾಗನ್ ಮೀನಿನ ದಪ್ಪ ಹುರುಪೆ ಕಣ್ಣಿನ ಮೇಲೆ ಬೆಳೆದಿದ್ದರೆ ಅದನ್ನು ತಳಿಗೆ ಬಳಸಬೇಡಿ. ಅದು ಕುರುಡಾಗುತ್ತದೆ, ಮರಿಗಳಿಗೂ ಅದೇ ಕಷ್ಟ.

ಬಣ್ಣ ಹೆಚ್ಚಿಸುತ್ತದೆ ಅಂತ ಮಾರುವ ಫುಡ್‌ಗೆ ದುಡ್ಡು ಹಾಕಬೇಡಿ. ತಳಿಯಲ್ಲಿ ಇಲ್ಲದ ಬಣ್ಣ ಡಬ್ಬಿಯಿಂದ ಬರುವುದಿಲ್ಲ. ಬಾದಾಮಿ ಎಲೆಯ ರಸ ಅಂತ ಬಾಟಲಿಯಲ್ಲಿ ಕೊಡುವುದೂ ಬೇಡ. ನಮ್ಮ ಕರಾವಳಿಯಲ್ಲಿ ಊರ ತುಂಬ ಬಾದಾಮಿ ಮರ ಇದೆ. ಕೆಂಪಾಗಿ ತಾನೇ ಉದುರಿದ ಎಲೆ ಹೆಕ್ಕಿ, ತೊಳೆದು, ಒಣಗಿಸಿ ಹಾಕಿ. ಗಂಡು ಅದರ ಅಡಿಯಲ್ಲೇ ಮೊಟ್ಟೆಗೆ ನೊರೆಗೂಡು ಕಟ್ಟುತ್ತದೆ.

ಉಳಿದದ್ದು ಸುಲಭ. ಐದಾರು ಇಂಚು ನೀರು, ಸುಮಾರು 27 ಡಿಗ್ರಿ ಬಿಸಿ. ಶಿರಸಿಯವರಿಗೆ ಚಳಿಗಾಲದಲ್ಲಿ ಹೀಟರ್ ಬೇಕೇ ಬೇಕು. ಮೊಟ್ಟೆ ಇಟ್ಟು ಮುಗಿದ ಕೂಡಲೇ ಹೆಣ್ಣನ್ನು ತೆಗೆಯಿರಿ. ಮರಿಗಳು ಗೂಡು ಬಿಟ್ಟು ಅಡ್ಡಕ್ಕೆ ಈಜಲು ಶುರುಮಾಡಿದ ದಿನ ಗಂಡನ್ನೂ ತೆಗೆಯಿರಿ. ಬೇಡವಾದ ಮರಿಗಳನ್ನು ಬಾವಿಗೆ, ಹಳ್ಳಕ್ಕೆ ಬಿಡಬೇಡಿ, ಯಾರಿಗಾದರೂ ಕೊಡಿ. ಬೆನ್ನಿನ ರೆಕ್ಕೆ ಅಗಲ ಇರುವ ಎರಡು ಹೆಣ್ಣುಮರಿ ಮಾತ್ರ, ಯಾರು ಎಷ್ಟು ಕೇಳಿದರೂ ಕೊಡದೆ ಇಟ್ಟುಕೊಳ್ಳಿ.